ತಲಪರಿಗೆಯ ಹೊಸ ಪಾಲುದಾರ

ನಮ್ಮೂರಿನ ತಲಪರಿಗೆ ಸಮಿತಿಗೆ ನಾನು ಕಾರ್ಯದರ್ಶಿ. ಈ ಉನ್ನತ ಹುದ್ದೆ ನನ್ನ ಯೋಗ್ಯತೆಯನ್ನು ಹುಡುಕಿಕೊಂಡು ಬಂದದ್ದಲ್ಲ. ಮಧುಗಿರಿಯ ಕಚೇರಿಯೊಂದರಲ್ಲಿ ಆಯುಷ್ಯವೆಲ್ಲ ಅರ್ಜಿಗಳ ನಕಲು ತೆಗೆದು, ನಿವೃತ್ತನಾಗಿ ಊರಿಗೆ ಬಂದಾಗ, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ತಿರುಗುವ ಮನುಷ್ಯ ಊರಿಗೆಲ್ಲ ನಾನೊಬ್ಬನೇ ಆಗಿದ್ದೆ. ಸಮಿತಿಯ ಕಚೇರಿ ಹೊಂಗೆಮರದ ಕೆಳಗಿನ ಚಪ್ಪಡಿಕಲ್ಲು. ಸಮಿತಿಯ ಸಮಸ್ತ ಚರಾಸ್ತಿ ಒಂದು ನಡಾವಳಿ ಪುಸ್ತಕ.

ತಲಪರಿಗೆ ಎಂದರೆ ನೆಲದೊಳಗಿನ ನೀರು ಯಾರ ಒತ್ತಾಯವೂ ಇಲ್ಲದೆ ತಾನಾಗಿ ಉಕ್ಕುವ ಜಾಗ. ನಮ್ಮದು ಹೊಳವನಹಳ್ಳಿ ಕಡೆಯ ಒಂದು ಹಳ್ಳದ ದಡದಲ್ಲಿದೆ. ಸುತ್ತ ಕಲ್ಲು ಕಟ್ಟಿದ ಗುಂಡಿ, ತಳದಲ್ಲಿ ಮರಳು, ಮರಳಿನಲ್ಲಿ ಒಲೆಯ ಮೇಲಿನ ಅನ್ನದಂತೆ ಕುದಿಯುವ ತಣ್ಣನೆಯ ನೀರು. ಅಲ್ಲಿಂದ ಒಂದು ಕಾಲುವೆ ಹೊರಟು ಇಪ್ಪತ್ಮೂರು ಮನೆಗಳ ಜಮೀನಿಗೆ ಸರದಿಯಂತೆ ಹರಿಯುತ್ತದೆ. ಗುಂಡಿಯ ಬಳಿ ಚಪ್ಪಲಿ ಮೆಟ್ಟುವಂತಿಲ್ಲ. ನೀರು ಪಡೆಯುವ ಪ್ರತಿ ಪಾಲಿಗೂ ಒಬ್ಬರಂತೆ ವರ್ಷಕ್ಕೊಮ್ಮೆ ಹೂಳೆತ್ತಲು ಬರಲೇಬೇಕು. ಮುಖ್ಯ ಕಟ್ಟಳೆ ಇನ್ನೊಂದಿದೆ: ನೀರು ಹಂಚುವ ನೀರುಗಂಟಿಯ ಜಮೀನು ಕಾಲುವೆಯ ತುದಿಯಲ್ಲೇ ಇರಬೇಕು, ಸರದಿಯೂ ಇಪ್ಪತ್ಮೂರರಲ್ಲಿ ಕೊನೆಯದಾಗಿರಬೇಕು. ಎಲ್ಲರಿಗೂ ಸರಿಯಾಗಿ ಹಂಚಿದರೆ ಮಾತ್ರ ಹಂಚಿದವರಿಗೆ ನೀರು. ನಾನು ಕಂಡ ಯಾವ ಕಚೇರಿಯಲ್ಲೂ ಇಷ್ಟು ಬುದ್ಧಿವಂತ ನಿಯಮ ಇರಲಿಲ್ಲ.

ಈಗಿನ ನೀರುಗಂಟಿ ಒಬ್ಬ ಹೆಂಗಸು. ಮಾವನಿಂದ ಬಂದ ಕೆಲಸ. ನನಗಿಂತ ಹತ್ತು ವರ್ಷ ಚಿಕ್ಕವರಾದರೂ ನಾನೂ ಎಲ್ಲರಂತೆ ಅಕ್ಕ ಎಂದೇ ಕರೆಯುತ್ತೇನೆ. ಹಾಗೆ ಕರೆಯದವರ ಸರದಿ ಏನಾದೀತೋ ಎಂದು ಯಾರೂ ಪರೀಕ್ಷಿಸಿ ನೋಡಿಲ್ಲ. ಕಾಲುವೆಯ ತುದಿಯಲ್ಲಿ ಅವರದು ಅರ್ಧ ಎಕರೆ ಕನಕಾಂಬರ.

ಎರಡು ವರ್ಷದ ಹಿಂದೆ, ಯುಗಾದಿಗೆ ಇನ್ನೂ ತಿಂಗಳಿರುವಾಗ, ಊರಾಚೆಯ ಬಂಡೆಯ ಹತ್ತಿರ ಲಾರಿಗಳು ಬಂದು ನಿಂತವು. ಕೊಳವೆಬಾವಿ ಕೊರೆಯುವಂಥದೇ ಯಂತ್ರ, ಜೊತೆಗೆ ಮನೆಯಷ್ಟು ದೊಡ್ಡ ಪಂಪು. ಸಂಜೆಯೊಳಗೆ ಊರಿಗೆ ಪೆಟ್ರೋಲು ಸಿಕ್ಕಿಯಾಗಿತ್ತು.

"ಇನ್ನು ಬಂಕಿಗೆ ಯಾಕ್ಲಾ ಹೋಗ್ತೀಯ, ಚೊಂಬು ತಗಂಡು ಬಂಡೆ ತಾವ ಹೋದ್ರಾಯ್ತು" ಎಂದು ಟೀ ಅಂಗಡಿಯಲ್ಲಿ ಒಬ್ಬ ಇನ್ನೊಬ್ಬನಿಗೆ ದಾರಿ ಹೇಳುತ್ತಿದ್ದ. ನನಗೆ ನಂಬಿಕೆ ಬರಲಿಲ್ಲ. ನಮ್ಮ ಸೀಮೆಯಲ್ಲಿ ಕಡಲೆಕಾಯಿಯೇ ಎಣ್ಣೆ ಬಿಡುವುದು ಬಲವಂತಕ್ಕೆ.

ವಿಷಯ ತಿಳಿಸಿದ್ದು ಅಲ್ಲಿನ ಸೂಪರ್‌ವೈಸರ್. ಪಾವಗಡದ ಗಡಿಯಾಚೆಯವನು, ಕನ್ನಡಕ್ಕೆ ತೆಲುಗು ಬೆರೆಸಿ ಮಾತಾಡುವ ಮರ್ಯಾದಸ್ಥ. "ಪೆಟ್ರೋಲ್ ಲೇದು, ಇಲ್ಲ ಸಾರ್. ಬೇರೆ ಕಡೆ ಆಯಿಲು, ಗ್ಯಾಸು ತೆಗೆಯೋಕೆ ನೀರನ್ನ ಜೋರಾಗಿ ಒಳಗೆ ನುಗ್ಗಿಸಿ ಕಲ್ಲು ಸೀಳ್ತಾರೆ ಕದಾ, ಆ ಪಂಪು ಇದು. ಹೊಸಾದು. ನಿಮ್ಮ ಬಂಡೆ ಗಟ್ಟಿ. ಇಲ್ಲಿ ಟೆಸ್ಟ್ ಮಾಡಿ ಅಲ್ಲಿಗೆ ಕಳಿಸ್ತೀವಿ."

ನಮ್ಮ ಬಂಡೆಯ ಗಟ್ಟಿತನಕ್ಕೆ ಇಂಥ ಮನ್ನಣೆ ಸಿಕ್ಕಿದ್ದು ಸಂತೋಷವೇ. ಆದರೆ ನುಗ್ಗಿಸುವ ನೀರು ಎಲ್ಲಿಯದು ಎಂಬುದು ಮರುದಿನ ತಿಳಿಯಿತು. ಟ್ಯಾಂಕರು ತಲಪರಿಗೆಯ ಬಾಯಲ್ಲಿ ನಿಂತು, ಮೋಟಾರಿನ ಪೈಪು ಇಳಿಬಿಟ್ಟು, ಬೆಳಗಿನಿಂದ ಸಂಜೆಯವರೆಗೆ ಎಳೆಯಿತು. ಮೂರು ದಿನದಲ್ಲಿ ಎದೆಮಟ್ಟದ ನೀರು ಮೊಣಕಾಲಿಗೆ ಬಂತು. ಮೊದಲಿನ ಮನೆಗಳಿಗೆ ಹೇಗೋ ಹರಿಯಿತು; ತುದಿಯ ಕನಕಾಂಬರಕ್ಕೆ ಒದ್ದೆ ಮಣ್ಣಿನ ವಾಸನೆ ಮಾತ್ರ ತಲುಪಿತು. ಇನ್ನೊಂದು ವಾರ ಹೀಗೇ ಆದರೆ ಅಕ್ಕನ ಗಿಡಗಳು ಯುಗಾದಿ ನೋಡುವಂತಿರಲಿಲ್ಲ.

ಸಮಿತಿ ತುರ್ತಾಗಿ ಸೇರಿತು. ನಾನು ಸಿದ್ಧವಾಗಿಯೇ ಹೋಗಿದ್ದೆ: "ಮಾನ್ಯರ ಸನ್ನಿಧಾನಕ್ಕೆ" ಎಂದು ಆರಂಭವಾಗಿ, ಮೂರು ಪುಟ ವಿನಯಪೂರ್ವಕವಾಗಿ ನಡೆದು, ಕೊನೆಯಲ್ಲಿ ಕೃಪೆ ಬೇಡುವ ಮನವಿ. ಸಭೆಗೆ ಕರೆಸಿದ್ದ ಸೂಪರ್‌ವೈಸರ್ ಅದನ್ನು ಒಂದು ಪುಟದವರೆಗೆ ಭಕ್ತಿಯಿಂದ ಓದಿ, "ಚಾನಾ ಬಾಗುಂದಿ, ತುಂಬ ಚೆನ್ನಾಗಿದೆ ಸಾರ್. ಏನು ಬೇಕಂತೆ?" ಎಂದ.

ಅಧ್ಯಕ್ಷರು ಟೀ ಅಂಗಡಿಯವರು. ಬಂಡೆಯ ಕೆಲಸದವರು ದಿನಕ್ಕೆ ಮೂರು ಸಲ ಟೀ ಕುಡಿಯುತ್ತಿದ್ದರಿಂದ ಅವರ ನಿಲುವು ಅತ್ಯಂತ ಸಮತೋಲನದ್ದಾಗಿತ್ತು. "ಅವರ್ದೂ ಕೆಲ್ಸ, ನಮ್ದೂ ನೀರು" ಎಂದು ತೀರ್ಪು ಕೊಟ್ಟು ಎಲೆಅಡಿಕೆಯ ಚೀಲ ಬಿಚ್ಚಿದರು. ಆಗ ಅಕ್ಕ ಬಾಯಿ ತೆರೆದರು.

"ನೋಡಪ್ಪ, ನೀನು ನೀರು ತಗಂಡಿದ್ದೀಯ. ತಗಂಡೋರು ಪಾಲುದಾರ್ರು. ಶನಿವಾರ ಹೂಳೆತ್ತೋದೈತೆ. ನಿನ್ನ ಟ್ಯಾಂಕರು ಹನ್ನೆರಡು ಮನೆ ನೀರು ಕುಡೀತದೆ. ಹನ್ನೆರಡು ಆಳು ಕರ್ಕಂಬಾ, ಮಂಕರಿ ನಾವೇ ಕೊಡ್ತೀವಿ. ಅಲ್ಲೀಗಂಟ ಮೋಟ್ರು ಇಡಬ್ಯಾಡ, ಹೂಳೆತ್ತೋ ವಾರ ಯಾರೂ ನೀರು ಮುಟ್ಟಂಗಿಲ್ಲ."

"ಅಂತೇನಾ, ಅಷ್ಟೇನಾ ಅಕ್ಕ? ಆಯ್ತು!" ಎಂದ ಅವನು. ಒಂದು ಬೆಳಗಿನ ಮಣ್ಣು ಹೊರುವ ಕೆಲಸಕ್ಕೆ ನೀರಿನ ಚಿಂತೆ ತೀರುವುದಾದರೆ ಯಾರು ಬೇಡವೆನ್ನುತ್ತಾರೆ? ನಾನು ನನ್ನ ವೃತ್ತಿಧರ್ಮದಂತೆ ನಡಾವಳಿ ಬರೆದೆ: "ಸದರಿ ಕಂಪನಿಯವರನ್ನು ಹನ್ನೆರಡು ಪಾಲಿನ ಪಾಲುದಾರರೆಂದು ಸರ್ವಾನುಮತದಿಂದ ಅಂಗೀಕರಿಸಿ, ತಲಪರಿಗೆಯ ಎಲ್ಲ ಕಟ್ಟಳೆಗಳಿಗೆ ಬದ್ಧರೆಂದು ನಿರ್ಣಯಿಸಲಾಯಿತು." ಅವನು ಇಂಗ್ಲಿಷಿನಲ್ಲಿ ಸಹಿ ಹಾಕಿದ. ಅಧ್ಯಕ್ಷರು ಸಹಿ ಹಾಕಿದರು. ಅಕ್ಷರ ದುಂಡಗೆ ಬಂದಿದೆಯೆಂದು ನಾನು ಒಳಗೊಳಗೇ ಹಿಗ್ಗಿದೆ.

ಏನು ಬರೆದೆನೆಂದು ಅರ್ಥವಾದದ್ದು ಮರುದಿನ ಮುಖಕ್ಷೌರ ಮಾಡಿಕೊಳ್ಳುವಾಗ. ಅದುವರೆಗೆ ಆ ಟ್ಯಾಂಕರು ಕೇಳದೆ ನೀರೆಳೆಯುತ್ತಿತ್ತು. ಈಗ ಇಪ್ಪತ್ಮೂರು ಪಾಲಿನ ಎದುರು ಹನ್ನೆರಡು ಪಾಲು ಹಕ್ಕಿನಿಂದ ಎಳೆಯುತ್ತದೆ. ತಲೆತಲಾಂತರದಿಂದ ಬಂದ ನೀರನ್ನು ಒಂದೇ ವಾಕ್ಯದಲ್ಲಿ, ಅದೂ ವ್ಯಾಕರಣಶುದ್ಧವಾಗಿ, ನಾನು ಬರೆದುಕೊಟ್ಟಿದ್ದೆ. ಕಾಗದದ ಮೇಲೆ ಏನು ಹೇಳಿದರೂ ಪಾಲಿಸುವ ಊರು ನಮ್ಮದು. ಹರಿದು ಹಾಕುವಂತೆಯೂ ಇಲ್ಲ. ಗಲ್ಲದ ಅರ್ಧ ಸೋಪು ಹಾಗೇ ಇಟ್ಟುಕೊಂಡು ಅಕ್ಕನ ತೋಟಕ್ಕೆ ಓಡಿದೆ.

"ಅಕ್ಕ, ಅವನು ನಿಜವಾಗ್ಲೂ ಹನ್ನೆರಡು ಜನ ಕರ್ಕೊಂಡು ಬಂದ್ರೆ?"

ಅವರು ಗಿಡದ ಬುಡಕ್ಕೆ ಒಣಗಿದ ಸೊಪ್ಪು ಹೊದಿಸುತ್ತಿದ್ದರು. "ಬರ್ಲಿ ಬುಡಿ ರೈಟ್ರೇ. ಮೊದ್ಲು ಆ ಸೋಪು ತೊಳ್ಕಳಿ. ಒಂದು ಚೊಂಬು ಕೊಡ್ತೀನಿ, ಜಾಸ್ತಿ ಕೇಳ್ಬ್ಯಾಡಿ" ಎಂದರು.

ಶನಿವಾರ ಅವರು ಬಂದರು. ಹನ್ನೆರಡು ಮಂದಿ, ತಲೆಗೆ ಹಳದಿ ಹೆಲ್ಮೆಟ್ಟು, ಕಾಲಿಗೆ ಮೊಣಕಾಲುದ್ದದ ಬೂಟು. ಬೂಟುಗಳನ್ನು ಹೊಂಗೆಮರದ ಕೆಳಗೆ ಸಾಲಾಗಿ ಬಿಡಿಸಲಾಯಿತು. ಸಮಿತಿಯ ಕಚೇರಿಗೆ ಅಷ್ಟು ಗಂಭೀರವಾದ ಸಭಿಕರು ಹಿಂದೆಂದೂ ಬಂದಿರಲಿಲ್ಲ. ಬಾವಿ ಕೊರೆಯುವವರ ತೋಳು ಸಾಮಾನ್ಯದ್ದಲ್ಲ. ನಾವು ವರ್ಷವರ್ಷವೂ ಕೆರೆದು ಬಿಟ್ಟಿದ್ದ ಜಾಗವನ್ನು ಅವರು ತಳದವರೆಗೆ ತೋಡಿದರು. ನಮ್ಮವರಿಗೆ ನಾಚಿಕೆಯಾಗಿ, ನಮ್ಮವರೂ ಎಂದಿಲ್ಲದಂತೆ ದುಡಿದರು. ನಾನು ಮೇಲ್ವಿಚಾರಣೆಯ ಭಾರ ಹೊತ್ತು ನೆರಳಲ್ಲಿದ್ದೆ.

ಸೂಪರ್‌ವೈಸರ್ ಪ್ಯಾಂಟು ಮಡಚಿ ತಾನೂ ಇಳಿದಿದ್ದ. ಹೂಳು ತೆಗೆದ ಕಡೆ ಮರಳು ಅಲುಗತೊಡಗಿತು. ಅಕ್ಕ ಅವನ ಕೈ ಹಿಡಿದು ಅಂಗೈಯನ್ನು ಅದರ ಮೇಲೆ ಇಡಿಸಿದರು.

"ತೋಸ್ತಾ ಉಂದಿ! ತಳ್ತಾ ಇದೆ ಅಕ್ಕ!" ಎಂದು ಅವನು ಕೂಗಿದ.

"ಯಾವ ಪಂಪೂ ಇಲ್ಲ ನೋಡು" ಎಂದರು ಅಕ್ಕ.

ಮಧ್ಯಾಹ್ನ ಗಂಗಮ್ಮನಿಗೆ ಪೂಜೆಯಾಗಿ, ಮುದ್ದೆ, ಹುರುಳಿಕಾಳಿನ ಸಾರಿನ ಊಟವೂ ಮುಗಿದ ಮೇಲೆ, ಡ್ರೈವರು ಟ್ಯಾಂಕರಿನ ಪೈಪು ಬಿಚ್ಚತೊಡಗಿದ. ನಾನು ನಡಾವಳಿ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಎದ್ದೆ.

"ಮೋಟ್ರು ಯಾಕಪ್ಪ?" ಎಂದರು ಅಕ್ಕ, ಪಾತ್ರೆ ತೊಳೆಯುತ್ತಲೇ. "ಪಾಲುದಾರ್ರು ಮೋಟ್ರು ಇಡಂಗಿಲ್ಲ. ಕಾಲುವೇಲಿ ತಾನಾಗಿ ಹರಿದು ಬಂದಿದ್ದಷ್ಟೇ ನಿನ್ದು."

"ಮತ್ತೆ ಹನ್ನೆರಡು ಪಾಲು?" ಎಂದ ಸೂಪರ್‌ವೈಸರ್.

"ಐತಲ್ಲ. ನಮ್ ಮಾವನ ಕಾಲದಿಂದ್ಲೂ ಇದೇ ಕಟ್ಟಳೆ, ಹೊಸಬ್ರದ್ದು ಕೊನೇ ಸರದಿ. ಎಲ್ಲಾರ್ದೂ ಆಗಿ, ನನ್ದೂ ಆದಮೇಲೆ. ಮುಂದಿನ ಶನಿವಾರ ಕಾಲುವೆ ತುದೀಗೆ ಬಾ, ಹನ್ನೆರಡು ಪಾಲಿನ ಹೊತ್ತು ನಿಂತ್ಕಂಡು ಎಷ್ಟು ಬತ್ತದೋ ಹಿಡ್ಕೊ."

ಅವನು ನನ್ನ ಕಡೆ ತಿರುಗಿದ. ನಾನು ಪುಸ್ತಕ ತೆರೆದು "ಎಲ್ಲ ಕಟ್ಟಳೆಗಳಿಗೆ ಬದ್ಧರೆಂದು" ಎಂಬಲ್ಲಿ ಬೆರಳಿಟ್ಟೆ. ಅದನ್ನು ಬರೆಯುವಾಗ ಇಂಥ ಮುಂದಾಲೋಚನೆ ಇತ್ತೆಂದು ಮುಖದಲ್ಲಿ ತೋರಿಸಲು ಪ್ರಯತ್ನಿಸಿದೆ. ಅಕ್ಕ ನನ್ನತ್ತ ನೋಡಲೇ ಇಲ್ಲ. ಅದು ಅವರ ದೊಡ್ಡತನ.

ಸಹಿ ಹಾಕಿದವನು, ಉಂಡವನು, ನೀರಿನ ತಳ್ಳಾಟವನ್ನು ಅಂಗೈಯಲ್ಲಿ ಕಂಡವನು ಹೇಗೆ ತಾನೇ ಜಗಳಕ್ಕೆ ನಿಂತಾನು? ನಗು ತಡೆಯಲಾರದೆ, ಪೈಪು ಸುತ್ತಿಡುವಂತೆ ಡ್ರೈವರಿಗೆ ಸನ್ನೆ ಮಾಡಿ, ಆಫೀಸಿಗೆ ಫೋನು ಹಚ್ಚಿದ. "ಇಲ್ಲಿ ನೀರಿದೆ ಸಾರ್, ಆದ್ರೆ ನಮಗೆ ಲೇದು" ಎಂದದ್ದು ನಮಗೆಲ್ಲ ಕೇಳಿಸಿತು. ಎರಡು ದಿನದಲ್ಲಿ ಟ್ಯಾಂಕರು ದಿಕ್ಕು ಬದಲಿಸಿತು: ಪಟ್ಟಣದ ಚರಂಡಿ ನೀರನ್ನು ಶುದ್ಧಿ ಮಾಡಿ ಬಿಡುತ್ತಾರಲ್ಲ, ಅದನ್ನು ತಂದು ಬಂಡೆಗೆ ನುಗ್ಗಿಸತೊಡಗಿದರು. ಪಟ್ಟಣದವರು ಮಿಂದ ನೀರಿಗೂ ಬಂಡೆ ಅಷ್ಟೇ ಚೆನ್ನಾಗಿ ಸೀಳಿಕೊಂಡಿತಂತೆ.

ಮುಂದಿನ ಶನಿವಾರ ಬೆಳಿಗ್ಗೆ ನಾನು ಕಾಲುವೆಯ ತುದಿಗೆ ಹೋದಾಗ ಸೂಪರ್‌ವೈಸರ್ ಆಗಲೇ ಬರಿಗಾಲಲ್ಲಿ ನಿಂತಿದ್ದ. ಅಕ್ಕನ ಸರದಿ ಆಗಷ್ಟೇ ಮುಗಿದಿತ್ತು; ಬಾಯಾರಿದ್ದ ಅರ್ಧ ಎಕರೆಯಲ್ಲಿ ನೀರು ಮುಕ್ಕಾಲು ಭಾಗ ಮಾತ್ರ ಮುಟ್ಟಿತ್ತು.

"ನನ್ನ ಪಾಲು ಇವಕ್ಕೇ ಬಿಡಿ ಅಕ್ಕ. ನನಗ್ಯಾಕೆ?" ಎಂದ.

"ನಿನ್ನ ಪಾಲು ನಾನು ಮುಟ್ಟಂಗಿಲ್ಲ ಕಣಪ್ಪ. ಕಟ್ಟಳೆ ಅಂದ್ರೆ ಕಟ್ಟಳೆ" ಎಂದು ಅಕ್ಕ ಗುದ್ದಲಿಯನ್ನು ಅವನ ಕೈಗೆ ಕೊಟ್ಟು ಬದುವಿನ ಮೇಲೆ ಕುಳಿತರು. "ಬೇಕಾದ್ರೆ ನೀನೇ ತಿರುಗಿಸ್ಕೊ."

ಅವನು ಮಣ್ಣಿನ ಕಟ್ಟೆ ಒಡೆದ. ನೀರು ಒಂದು ಗಳಿಗೆ ಅನುಮಾನಿಸಿ, ಉಳಿದ ಕಾಲು ಭಾಗದ ಕನಕಾಂಬರದೊಳಗೆ ಹೊರಳಿತು. ಹನ್ನೆರಡು ಪಾಲಿನ ಹೊತ್ತು ಮುಗಿಯುವವರೆಗೆ ಅವನು ಅಲ್ಲಿಂದ ಕದಲಲಿಲ್ಲ. "ಆ ಮೂಲೇಗೆ ಬಿಡ್ಲಾ, ಅಡ್ಡ ನಿಂತವ್ನೆ ನೋಡು" ಎಂದು ಅಕ್ಕ ಬೈಯುತ್ತಿದ್ದರು, ಅವನು "ಸರೇ ಅಕ್ಕ, ಸರೇ ಅಕ್ಕ" ಎನ್ನುತ್ತ ಸಾಲಿನಿಂದ ಸಾಲಿಗೆ ಓಡುತ್ತಿದ್ದ.