ಬೆಡ್ ಸಿಗುವಷ್ಟು ಕೆಟ್ಟವನು

ಇಸ್ತ್ರಿ ಅಂಗಡಿಯವನನ್ನು ಬೀದಿಯವರೆಲ್ಲ ಗೆರೆಯಣ್ಣ ಎಂದೇ ಕರೆಯುತ್ತಿದ್ದರು. ಅವನು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆ ಸೊಂಟದಿಂದ ಪಾದದವರೆಗೆ ಎಲ್ಲೂ ದಾರಿ ತಪ್ಪುತ್ತಿರಲಿಲ್ಲ. ದಾರಿ ತಪ್ಪುತ್ತಿದ್ದವನು ಅವನೇ. ಬೆಳಿಗ್ಗೆ ಎದ್ದ ಕೂಡಲೇ ಎರಡು ಗುಟುಕು ಒಳಗೆ ಹೋಗದಿದ್ದರೆ ಕೈ ನಡುಗುತ್ತಿತ್ತು. ಹೋದರೆ ಅದು ಎರಡಕ್ಕೇ ನಿಲ್ಲದೆ, ಮಧ್ಯಾಹ್ನದ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಬೀದಿಗೆ ತೆರೆದ ಕಿಟಕಿ, ಕಂಬಳಿ ಹಾಸಿದ ಮೇಜು, ನೀರು ಚಿಮುಕಿಸಿದ ಬಟ್ಟೆಯ ಹಬೆ. ಮೇಜಿನ ಕೆಳಗೆ ಚಾಪೆಯ ಮೇಲೆ ಮಗಳು ಓದಿಕೊಳ್ಳುತ್ತಿದ್ದಳು. ಬಟ್ಟೆಯ ಬೆಚ್ಚನೆ ವಾಸನೆ ಅಲ್ಲಿಗೆ ಮೆಲ್ಲಗೆ ಇಳಿಯುತ್ತಿತ್ತು. ಒಂದು ಮಧ್ಯಾಹ್ನ ಇಸ್ತ್ರಿಪೆಟ್ಟಿಗೆಯೇ ಇಳಿಯಿತು. ಸದ್ದು ಕೇಳಿ ಓಡಿಬಂದ ಹೆಂಡತಿ ಸುಟ್ಟ ಚಾಪೆ ನೋಡಿದಳು, ಪಕ್ಕದಲ್ಲೇ ಇದ್ದ ಮಗಳ ಪಾದ ನೋಡಿದಳು, ಗಂಡನನ್ನು ನೋಡಲಿಲ್ಲ.

"ನಾಳೆ ಸರ್ಕಾರಿ ಆಸ್ಪತ್ರೆಗೆ ಹೋಗೋಣ. ಕುಡಿತ ಬಿಡಿಸೋ ವಾರ್ಡ್ ಇದೆಯಂತೆ," ಎಂದಳು.

ಅವನು ಎದುರಾಡಲಿಲ್ಲ. ಅವನೂ ಆ ಪಾದ ನೋಡಿದ್ದ.

ಆದರೆ ಆ ಮನೆಯವರು ತಲೆಮಾರಿನಿಂದ ಕಲಿತದ್ದು ಒಂದೇ ವಿದ್ಯೆ: ಸುಕ್ಕು ಕಾಣದಂತೆ ಮಾಡುವುದು. ತನ್ನ ಗಂಡ ತೀರಿಕೊಂಡ ಮೇಲೆ ಅಲ್ಲೇ ಇದ್ದ ಗೆರೆಯಣ್ಣನ ಅಕ್ಕ, ತಮ್ಮನ ಬಿಳಿ ಅಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದಳು. ತಲೆಗೆ ಎಣ್ಣೆ, ಬಾಯಿಗೆ ಲವಂಗ. ಡಾಕ್ಟರ ಮುಂದೆ ಕೈ ನಡುಗಿದರೆ ಮಾನ ಹೋಗುತ್ತದೆಂದು ಎರಡು ಗುಟುಕನ್ನೂ ತಾನೇ ಬಗ್ಗಿಸಿ ಕೊಟ್ಟಳು.

"ದಿನಾ ಕುಡೀತಾರಾ?" ಡಾಕ್ಟರಮ್ಮ ಕೇಳಿದರು.

"ಅಯ್ಯೋ, ದಿನಾ ಎಲ್ಲಿ ಮೇಡಂ. ಸುಸ್ತಾದಾಗ ಒಂಚೂರು." ಹೆಂಡತಿಯ ಬಾಯಿಂದ ಅದು ತಾನಾಗಿ ಬಂತು. ಗಿರಾಕಿಗಳಿಗೆ 'ಅವರಿಗೆ ಜ್ವರ' ಎಂದು ಹೇಳಿ ಹೇಳಿ ಪಳಗಿದ ನಾಲಿಗೆ.

"ನಮ್ಮ ತಮ್ಮ ಬಂಗಾರ," ಎಂದಳು ಅಕ್ಕ.

ಗೆರೆಯಣ್ಣ ಕೈಮುಗಿದು ಕೂತಿದ್ದ. ಕೈ ಕಲ್ಲಿನ ಹಾಗೆ ನಿಂತಿತ್ತು.

"ಇವರಿಗೆ ಬೆಡ್ ಬೇಕಾಗಲ್ಲ. ಇರೋ ಬೆಡ್ಡು ತೀರಾ ಕೆಟ್ಟಿರೋರಿಗೇ ಸಾಲ್ತಿಲ್ಲ. ಕಮ್ಮಿ ಮಾಡಿ, ಆಗಾಗ ಬಂದು ತೋರಿಸ್ತಾ ಇರಿ," ಎಂದರು ಡಾಕ್ಟರಮ್ಮ.

ದಾರಿಯುದ್ದಕ್ಕೂ ಅಕ್ಕನ ಕಾಲು ನೆಲದ ಮೇಲಿರಲಿಲ್ಲ. "ನೋಡಿದ್ಯೇನೇ? ಓದಿದೋರೇ ಹೇಳಿದ್ರು, ಏನೂ ಇಲ್ಲ ಅಂತ. ನೀನೊಬ್ಬಳು ಸುಮ್ನೆ ಗಾಬರಿ ಬೀಳ್ತೀಯ!"

ತನಗೇನೂ ಇಲ್ಲವೆಂಬ ಸಂತೋಷಕ್ಕೆ ಗೆರೆಯಣ್ಣ ಅಂದು ಸಂಜೆ ಸ್ವಲ್ಪ ಹೆಚ್ಚೇ ಕುಡಿದ. ಮರುದಿನ ಮೇಜಿಗೆ ತಲೆಯಾನಿಸಿ ನಿದ್ದೆ ಹೋಗಿದ್ದ. ಯಾರದೋ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆ ಹೊಗೆಯಾಡುತ್ತಿತ್ತು. ಅದರ ಕೆಳಗೇ ಕೂತು ಮಗಳು ಮಗ್ಗಿ ಹೇಳುತ್ತಿದ್ದಳು.

ಹೆಂಡತಿ ಅವನನ್ನು ಎಬ್ಬಿಸಿ, ಮುಖ ಕೂಡ ತೊಳೆಯಗೊಡದೆ ಮತ್ತೆ ಆಸ್ಪತ್ರೆಗೆ ಹೊರಡಿಸಿದಳು. "ಅತ್ತಿಗೆ, ಇವತ್ತು ನೀವು ಬಾಯಿ ಬಿಡಬೇಡಿ."

"ಬೀಗ ಹಾಕ್ಕೋತೀನಿ ಬಿಡಮ್ಮ," ಎಂದು ಅಕ್ಕ ಮುಖ ಊದಿಸಿಕೊಂಡೇ ಜೊತೆಗೆ ಬಂದಳು.

ಸರದಿ ತಡವಾಯಿತು; ಅಷ್ಟರಲ್ಲಿ ಗೆರೆಯಣ್ಣನ ಅಮಲು ಇಳಿದಿತ್ತು. ಬೆಂಚಿನ ಮೇಲೆ ಪಕ್ಕದಲ್ಲಿ ಒಬ್ಬ ಬಡಗಿ ತೂಕಡಿಸುತ್ತಿದ್ದ. ಅವನ ಹೆಂಡತಿ ಮಾತು ಶುರುವಿಟ್ಟುಕೊಂಡಳು. "ನಮ್ಮನೆಯೋರು ಅಮಲಲ್ಲಿ ಯಾರದೋ ಮನೆ ಬಾಗಿಲಿಗೆ ಒಳಗಡೆ ಹಾಕೋ ಚಿಲಕಾನ ಆಚೆ ಕಡೆಗೇ ಜಡಿದು ಬಂದ್ರು. ಇವರಷ್ಟು ಕುಡಿಯೋರು ನಮ್ಮ ಕಡೆ ಇನ್ನೊಬ್ಬರಿಲ್ಲ ಬಿಡಿ." ಆಮೇಲೆ ಗೆರೆಯಣ್ಣನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮೋರು ಏನೋ ಸುಮಾರು ಅನ್ಸುತ್ತೆ," ಎಂದಳು.

ಅಕ್ಕನಿಗೆ ತಡೆಯಲಾಗಲಿಲ್ಲ. "ಸುಮಾರಾ? ನಮ್ಮ ತಮ್ಮ ಯಾರಿಗೇನು ಕಮ್ಮಿ? ಹಲ್ಲುಜ್ಜೋಕೆ ಮುಂಚೆ ಬಾಟ್ಲಿ ಬೇಕು ಇವನಿಗೆ! ಕಾದ ಇಸ್ತ್ರಿಪೆಟ್ಟಿಗೇನ ಮಗಳ ಕಾಲ ಪಕ್ಕಕ್ಕೇ ಬೀಳಿಸಿದ್ದಾನೆ! ಹೋದ ಸಲ ಇಲ್ಲಿಗೂ ಹಾಕ್ಕೊಂಡೇ ಬಂದಿದ್ದ. ಡಾಕ್ಟ್ರಿಗೇ ಗೊತ್ತಾಗ್ಲಿಲ್ಲ, ಗೊತ್ತಾ?"

ಅಕ್ಕ ಗೆದ್ದ ಮುಖದಲ್ಲಿ ತಿರುಗಿದರೆ ಬಾಗಿಲಲ್ಲಿ ಡಾಕ್ಟರಮ್ಮ ನಿಂತಿದ್ದರು.

ಒಳಗೆ ಕರೆದು ಅವನನ್ನೇ ಕೇಳಿದರು. "ನಿಮ್ಮಕ್ಕ ಹೇಳಿದ್ದು ನಿಜಾನಾ?"

ಅವನು ಹೆಂಗಸರಿಬ್ಬರ ಕಡೆ ನೋಡಿದ. ಅವನ ಪರವಾಗಿ ಯಾರೂ ಮಾತಾಡಲಿಲ್ಲ. ತೊಡೆಯ ಕೆಳಗೆ ಅದುಮಿಟ್ಟುಕೊಂಡಿದ್ದ ಕೈಯನ್ನು ತೆಗೆದು ಮೇಜಿನ ಮೇಲಿಟ್ಟ. ಅಲ್ಲಿದ್ದ ನೀರಿನ ಲೋಟ ಸಣ್ಣಗೆ ಸದ್ದು ಮಾಡತೊಡಗಿತು.

"ಒಂದು ಮಾತು ತಪ್ಪು ಹೇಳಿದ್ಲು ಮೇಡಂ," ಎಂದ. "ಬೀಳಿಸಿದ್ದು ಒಂದೇ ಸಲ ಅಲ್ಲ. ಮಗು ಯಾರಿಗೂ ಹೇಳಿಲ್ಲ."

ಬೆಡ್ ಸಿಕ್ಕಿತು. "ನಮಗೆ ಕಿಟಕಿ ಪಕ್ಕದ್ದೇ ಕೊಟ್ರು, ಬಡಗಿಗೆ ಮೂಲೇದು," ಎಂದು ಅಕ್ಕ ಬೀದಿಯಲ್ಲಿ ಸಿಕ್ಕಸಿಕ್ಕವರಿಗೆ ಹೇಳುತ್ತ ಬಂದಳು. ಹೆಂಡತಿ ಮನೆಗೆ ಬಂದವಳೇ ರಾಶಿ ಬಿದ್ದ ಬಟ್ಟೆಯ ಮುಂದೆ ನಿಂತು ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು.

ಮೇಜಿನ ಮೇಲೆ ಅದನ್ನು ಕುಕ್ಕಿದ ಸದ್ದಿಗೆ, ಕೆಳಗೆ ಓದುತ್ತಿದ್ದ ಮಗಳು ಪುಸ್ತಕದಿಂದ ಕಣ್ಣೆತ್ತದೆ ಎರಡೂ ಕಾಲು ಮಡಚಿ ಲಂಗದೊಳಗೆ ಎಳೆದುಕೊಂಡಳು.

ಅಮ್ಮ ಬಗ್ಗಿ ನೋಡಿದಳು. "ನಾನು ಕಣೇ. ಅಪ್ಪ ಅಲ್ಲ."

"ಗೊತ್ತಮ್ಮ," ಎಂದಳು ಮಗಳು. ಕಾಲು ಚಾಚಲಿಲ್ಲ.