ಕೊಳಲು ಮುಗಿಯುವಷ್ಟು ಹೊತ್ತು

ಬೀದಿಯ ಜನ ಅವನನ್ನು ಗೂಬೆಯಣ್ಣ ಎನ್ನುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವನೂ ಬೇಜಾರಿಲ್ಲದೆ ಓಗೊಡುತ್ತಿದ್ದ. ಹಗಲೆಲ್ಲ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವುದು ಅವನ ಹೊಟ್ಟೆಪಾಡು: "ಗಲ್ಲ ಸ್ವಲ್ಪ ಕೆಳಗೆ, ಎರಡೂ ಕಿವಿ ಕಾಣಲಿ, ಉಸಿರಾಡಿ ಪರವಾಗಿಲ್ಲ." ಬೀದಿದೀಪ ಹತ್ತಿದ ಮೇಲಷ್ಟೇ ಅವನ ಮುಖಕ್ಕೆ ಕಳೆ ಬರುತ್ತಿತ್ತು.

ಸ್ಟುಡಿಯೋದ ಹಿಂದಿನ ಎರಡು ಕೋಣೆಗಳಲ್ಲಿ ಅವನ ಜೊತೆ ತಂಗಿ ಇದ್ದಳು. ಅವಳ ಗಂಡ ಹಡಗಿನಲ್ಲಿ ಅಡುಗೆಯವನು, ಬರುವುದು ವರ್ಷಕ್ಕೆರಡು ಸಲ. ಐದು ತಿಂಗಳ ಮಗಳು ಹೆಗಲ ಮೇಲಲ್ಲದೆ ಬೇರೆಲ್ಲೂ ಮಲಗುತ್ತಿರಲಿಲ್ಲ. ಹೀಗಾಗಿ ಆ ಮನೆಯಲ್ಲಿ ರಾತ್ರಿ ಎಚ್ಚರವಿರುವವರು ಮೂವರು. "ಸೋದರಮಾವನ ಹೋಲಿಕೆ" ಎಂದು ತಂಗಿ ಮಗುವಿನ ಬೆನ್ನು ತಟ್ಟುತ್ತ ಗೊಣಗುತ್ತಿದ್ದಳು.

ಅಣ್ಣನ ಅಭಿರುಚಿಗಳು ಅವಳಿಗೆ ಬಾಯಿಪಾಠ. ಅವನ ಮಂಚದ ಎದುರು ಒಂದು ಹಳೆಯ ಕ್ಯಾಲೆಂಡರಿನ ವರ್ಣಚಿತ್ರವಿತ್ತು: ಒಂದು ಕೋಣೆ, ಮೇಜು, ಮೇಣದಬತ್ತಿ, ಓದುತ್ತಿರುವ ಹೆಂಗಸು. ಅವನು ಮೇಣದಬತ್ತಿಯ ಮೇಲೆ ಕಪ್ಪು ಕಾಗದ ಅಂಟಿಸಿದ್ದ. ಬೆಳಕು ಬೇಡ, ಅದು ಎಲ್ಲಿ ಬಿದ್ದಿದೆ ಅನ್ನುವುದಷ್ಟೇ ಸಾಕು ಎನ್ನುತ್ತಿದ್ದ. ಚಿತ್ರದ ಮೂಲೆಯ ಕಡುಗಪ್ಪು ಅವನಿಗೆ ಹೆಂಗಸಿಗಿಂತ ಹೆಚ್ಚು ಇಷ್ಟ. "ನೋಡು, ಅಲ್ಲಿ ಏನೂ ಇಲ್ಲ. ಅಷ್ಟು ಚೆನ್ನಾಗಿ ಏನೂ ಇಲ್ಲದ ಹಾಗೆ ಬರೆಯೋದು ಸುಲಭ ಅಲ್ಲ."

ಸಿನಿಮಾಕ್ಕೆ ಹೋದರೆ ಕೊನೆಯ ಆಟಕ್ಕೇ ಹೋಗಬೇಕು. ಬಿಸಿಲಿನಲ್ಲಿ ಕುಣಿಯುವ ಹಾಡು ಬಂದರೆ ಕಣ್ಣು ಮುಚ್ಚಿಕೊಳ್ಳುವನು. ಮನೆಗೆ ಬಂದು, "ಒಂದು ಬಾಗಿಲು ತೆರೆಯುತ್ತೆ ಕಣೇ, ನೆಲದ ಮೇಲೆ ಒಂದು ಪಟ್ಟಿ ಬೆಳಕು ಬೀಳುತ್ತೆ" ಎಂದು ಅರ್ಧ ಗಂಟೆ ವರ್ಣಿಸುವನು.

"ಕಥೆ ಏನು?"

"ಇದ್ದೇ ಇರುತ್ತೆ. ನಾನು ಗಮನಿಸಲಿಲ್ಲ."

ಸಂಗೀತದಲ್ಲಿ ಅವನಿಗೆ ಒಂದೇ ಒಂದು ತಟ್ಟೆ. ಅಪ್ಪ ಬಿಟ್ಟುಹೋದ ಕೊಳಲಿನ ರೆಕಾರ್ಡು, ಆರು ನಿಮಿಷದ್ದು. ಮೊದಲ ಸ್ವರಕ್ಕೆ ಮುಂಚೆ ವಾದಕ ಉಸಿರೆಳೆದುಕೊಳ್ಳುವ ಸದ್ದನ್ನು ಕೇಳಲೆಂದೇ ಅವನು ಮುಳ್ಳನ್ನು ಮೂರು ಮೂರು ಸಲ ಹಿಂದಕ್ಕಿಡುತ್ತಿದ್ದ. ರಾತ್ರಿ ಓಣಿಗಳ ಫೋಟೋ ತೆಗೆಯುವಾಗಲೂ ಅದೇ ಅವನ ಗಡಿಯಾರ. ಒಂದು ಸಲಕ್ಕೆ ಒಂದೇ ಹಾಳೆ ಫಿಲ್ಮ್ ಹಿಡಿಸುವ ಹಳೆಯ ಪೆಟ್ಟಿಗೆ ಕ್ಯಾಮೆರಾವನ್ನು ಕತ್ತಲಲ್ಲಿ ನಿಲ್ಲಿಸಿ, ಅದರ ಕಣ್ಣು ತೆರೆದು, ಆ ಕೊಳಲನ್ನು ಮೊದಲಿಂದ ಕೊನೆವರೆಗೆ ಗುನುಗಿ, ಮುಚ್ಚುವುದು. ಕೈಗಡಿಯಾರ ನೋಡಿದರೆ ಗಡಿಯಾರವೇ ಕಾಣುತ್ತದೆ, ಓಣಿ ಕಾಣುವುದಿಲ್ಲ ಎನ್ನುವುದು ಅವನ ವಾದ. ಇಪ್ಪತ್ತು ವರ್ಷದಲ್ಲಿ ಆ ಲೆಕ್ಕ ತಪ್ಪಿರಲಿಲ್ಲ.

ಅವನು ಜೀವ ಬಿಡುತ್ತಿದ್ದುದು ಸ್ಟುಡಿಯೋದ ಹಿಂದಿನ ಮೆಟ್ಟಿಲೋಣಿಗೆ. ಎಪ್ಪತ್ತು ಕಲ್ಲು ಮೆಟ್ಟಿಲು, ಐದು ಹಳದಿ ದೀಪ. ಆ ದೀಪಗಳನ್ನು ತೆಗೆದು ಬಿಳಿ ದೀಪ ಹಾಕುತ್ತಾರೆಂದು ನೋಟೀಸು ಅಂಟಿತ್ತು. ಮೂರು ರಾತ್ರಿ ಹೋದ. ಒಮ್ಮೆ ಗಾಳಿ, ಒಮ್ಮೆ ಯಾರದೋ ಟಾರ್ಚು, ಒಮ್ಮೆ ನಾಯಿಯ ಜಗಳ. ಉಳಿದಿದ್ದು ಒಂದೇ ಹಾಳೆ. ಆ ಫಿಲ್ಮ್ ತಯಾರಿಸುವುದನ್ನೇ ನಿಲ್ಲಿಸಿಬಿಟ್ಟಿದ್ದರು. ಬೆಳಗಾದರೆ ದೀಪದವರ ಏಣಿ ಗಾಡಿ ಬರುವುದಿತ್ತು. ಅದೇ ಹೊತ್ತಿಗೆ ಅವನಿಗೆ ನೆಗಡಿ ಬಂದು ಗಂಟಲು ಕಟ್ಟಿತು.

"ಮನಸ್ಸಿನಲ್ಲೇ ಹಾಡ್ಕೋ" ಎಂದಳು ತಂಗಿ.

"ಮನಸ್ಸಲ್ಲಿ ಹಾಡಿದ್ರೆ ಓಡುತ್ತೆ. ನೀನು ಬಾ. ನಿನಗೂ ಬರುತ್ತಲ್ಲ."

"ಮಗು?"

"ಅದೇನು ಮಲಗಿರುತ್ತಾ?"

ಮೂವರೂ ಹೋದರು. ದೂರದ ಗೋಪುರದ ಗಡಿಯಾರ ಎರಡು ಹೊಡೆಯಿತು. ಅವನು ಕ್ಯಾಮೆರಾದ ಕಣ್ಣು ತೆರೆದು ಕೈ ಎತ್ತಿದ. ಅವಳು ಕ್ಯಾಮೆರಾದ ಹಿಂದೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ನಡೆಯುತ್ತ ಗುನುಗತೊಡಗಿದಳು. ಹಗಲಲ್ಲಿ ಸದಾ ಕೆಮ್ಮುವ, ಕೆರೆದುಕೊಳ್ಳುವ ಅಣ್ಣ ಓಣಿಯಲ್ಲೇ ಕಣ್ಣು ನೆಟ್ಟು, ಹಾಡನ್ನೂ ಮರೆತವನಂತೆ, ಕಲ್ಲಿನ ಹಾಗೆ ನಿಂತಿದ್ದ. ಹಳದಿ ಬೆಳಕು ಮೆಟ್ಟಿಲಿಂದ ಮೆಟ್ಟಿಲಿಗೆ ತುಪ್ಪದಂತೆ ಇಳಿಯುತ್ತಿತ್ತು. ದಿನವೂ ಹಾಲು ತರಲು ಹತ್ತಿಳಿಯುವ ಮೆಟ್ಟಿಲು ಇದೇನಾ ಎಂದು ಅವಳ ಮೈ ಜುಮ್ಮೆಂದಿತು. ಮಗುವಿನ ಕುತ್ತಿಗೆ ಭಾರವಾಯಿತು, ಉಸಿರು ನೀಳವಾಯಿತು. ಕೊಳಲಿನ ಕೊನೆಯ ಸ್ವರ ಬಂತು. ಅವನು ಕ್ಯಾಮೆರಾದ ಕಣ್ಣು ಮುಚ್ಚಿದ. ಮರುಗಳಿಗೆಗೇ ಗೋಪುರ ಕಾಲು ಗಂಟೆಯ ಸದ್ದು ಮಾಡಿತು.

ಅವನು ನಿಧಾನವಾಗಿ ತಿರುಗಿದ. "ಕಾಲು ಗಂಟೆ?"

ಐದು ತಿಂಗಳಿಂದ ಅವಳು ಅದೇ ಕೊಳಲನ್ನು ಗುನುಗಿ ಮಗುವನ್ನು ಮಲಗಿಸುತ್ತಿದ್ದಳು, ದಿನಕ್ಕಿಷ್ಟು ನಿಧಾನವಾಗುತ್ತ. ಆರು ನಿಮಿಷದ್ದು ಯಾವಾಗ ಹದಿನೈದಾಯಿತೋ ಅವಳಿಗೇ ತಿಳಿದಿರಲಿಲ್ಲ.

"ತಪ್ಪಾಯ್ತಣ್ಣ."

ಅವನು ಟ್ರೈಪಾಡ್ ಮಡಚಿದ. ಬೈದಿದ್ದರೆ ವಾಸಿಯಿತ್ತು.

ಮನೆಯಲ್ಲಿ ಅವನು ಫಿಲ್ಮ್ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕುಳಿತ. "ಅಷ್ಟು ಬೆಳಕು ಕುಡಿದು ಸುಟ್ಟುಹೋಗಿರುತ್ತೆ. ತೊಳೆದು ಏನು ಪ್ರಯೋಜನ."

ಅವಳು ಮಗುವನ್ನು ಮೆಲ್ಲಗೆ ಮಂಚದ ಮೇಲಿಟ್ಟಳು. ಏನಾಶ್ಚರ್ಯವೋ, ಅದು ಏಳಲಿಲ್ಲ. "ಹಾಲು ಉಕ್ಕೋಕೆ ಬಂದ್ರೆ ಒಲೆ ಸಣ್ಣ ಮಾಡ್ತೀವಪ್ಪ, ಪಾತ್ರೆ ಎಸೆಯಲ್ಲ. ನಿನ್ನ ಔಷಧಿ ನೀರಲ್ಲಿ ಅದನ್ನ ಕಮ್ಮಿ ಹೊತ್ತು ಇಟ್ರೆ?"

ಅವನು ತಲೆ ಎತ್ತಿದ. "ಇಡಬಹುದು. ಹತ್ತರ ಬದಲು ಏಳು ನಿಮಿಷ."

"ಮತ್ತೆ ಎದ್ದೇಳು."

"ಒಳಗೆ ಪೂರ್ತಿ ಕತ್ತಲೆ ಇರಬೇಕು. ನೀನು ಹೊರಗಿಂದ ನಿಮಿಷ ಹೇಳು. ಗೋಡೆ ಗಡಿಯಾರ ನೋಡಿ. ಹಾಡಬೇಡ ಮಾತ್ರ."

ಬಚ್ಚಲುಮನೆಯ ಬಾಗಿಲ ಸಂದಿಗೆ ಕಂಬಳಿ ತುರುಕಿ ಅವಳು ಹೊರಗೆ ಕುಳಿತು ಒಂದು, ಎರಡು ಎಂದು ಕೂಗಿದಳು. ಏಳಕ್ಕೆ ಒಳಗೆ ನೀರು ಬಿದ್ದ ಸದ್ದಾಯಿತು. ಫಿಲ್ಮ್ ಒಣಗಿ, ಅದನ್ನು ಕಾಗದದ ಮೇಲೊತ್ತಿ ಬೆಳಕು ಕೊಡುವಷ್ಟರಲ್ಲಿ ಕಿಟಕಿ ಬೂದು ಬಣ್ಣಕ್ಕೆ ತಿರುಗಿತ್ತು. "ಒಳಗೆ ಬಾ" ಎಂದು ಕರೆದ.

ಕೆಂಪು ಬಲ್ಬಿನಡಿ ತಟ್ಟೆಯ ನೀರಲ್ಲಿ ಓಣಿ ಮೂಡುತ್ತಿತ್ತು. ಮೊದಲು ದೀಪಗಳು ಬಂದವು, ಸುಡದೆ, ಅಂಚು ಸಮೇತ. ಆಮೇಲೆ ಮೆಟ್ಟಿಲು, ಒಂದೊಂದರ ಸವಕಲೂ. ಬಳಿಕ ಕತ್ತಲೆಯೇ ತೆರೆದುಕೊಳ್ಳತೊಡಗಿತು. ಗೋಡೆಯ ಕಪ್ಪಿನೊಳಗಿಂದ ಕಿಟಕಿ, ಕಿಟಕಿಯಲ್ಲಿ ಹೂಕುಂಡ. ಹಗ್ಗದ ಮೇಲೆ ಚಿಕ್ಕ ಅಂಗಿ. ಕಂಬದಾಚೆ ಒಂದು ಕುರ್ಚಿ. ಎಲ್ಲಕ್ಕೂ ಮೇಲೆ, ಮನೆಗಳ ನಡುವಿನ ಆಕಾಶದಲ್ಲಿ, ನಕ್ಷತ್ರಗಳು ಕೂದಲೆಳೆಯಷ್ಟು ಸಣ್ಣ ಗೆರೆಗಳಾಗಿ ಸರಿದಿದ್ದವು.

ಅವನು ತಟ್ಟೆಯ ಮೇಲೆ ಬಗ್ಗಿದ.

"ಈ ಕುರ್ಚಿ ಯಾರದು?"

"ಟೈಲರಮ್ಮನ ಅಪ್ಪಂದು. ದಿನಾ ಸಂಜೆ ಕೂತಿರ್ತಾರೆ."

"ಈ ಅಂಗಿ?"

"ಕೊನೆ ಮನೆ ಅವಳಿ ಮಕ್ಕಳದು. ಒಂದೇ ಕಾಣ್ತಿದೆ, ಇನ್ನೊಂದು ಒಳಗಿರುತ್ತೆ."

"ಇಪ್ಪತ್ತು ವರ್ಷ ಇಲ್ಲೇ ನಿಂತಿದ್ದೀನಿ" ಎಂದ ಅವನು. "ಇಲ್ಲಿ ಏನೂ ಇಲ್ಲ ಅಂದುಕೊಂಡಿದ್ದೆ."

"ನೀನು ಒಂದು ದಿನ ಹಗಲು ಹೊತ್ತು ಹೋಗಿದ್ರೆ ತಾನೆ?"

ಹೊರಗೆ ಏಣಿ ಗಾಡಿ ಬಂದು ನಿಂತ ಸದ್ದಾಯಿತು. ಅವನು ತಟ್ಟೆಯ ಮೇಲೆ ಇನ್ನಷ್ಟು ಬಗ್ಗಿ, ನೀರಿಗೆ ತಾಕದಂತೆ ಬೆರಳಿಟ್ಟು, "ಇದು? ಈ ಬಾಗಿಲು?" ಎಂದು ಕೇಳಿದ. ಅವಳು ಒಂದೊಂದಾಗಿ ಹೇಳುತ್ತ ಹೋದಳು. ಚಿತ್ರವನ್ನು ನೀರಿನಿಂದ ತೆಗೆಯಬೇಕೆನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.