ಸೇವಂತಿಗೆ ಹೊಲದಾಚೆಯ ಸೂರ್ಯ

ಹೊಸೂರಿನ ಶಾಲೆಯೊಂದರಲ್ಲಿ ಬಹುಕಾಲ ಭೌತಶಾಸ್ತ್ರ ಕಲಿಸಿದ ಅನಂತ್, ನಿವೃತ್ತಿಯ ನಂತರ ಬಾಗಲೂರಿನ ಹೊರಗೆ ಮನೆ ಕಟ್ಟಿಸಿದ್ದು ಕತ್ತಲೆಗಾಗಿ. ಪಟ್ಟಣದ ಹಳೆಯ ಮನೆಯ ಮೇಲೆ ಮೂಕಂಡಪಲ್ಲಿಯ ಕಾರ್ಖಾನೆಗಳ ಬೆಳಕು ಕವಿಯುತ್ತಿತ್ತು. ಅವರು ಹಿಂಬಾಲಿಸುತ್ತಿದ್ದುದು ನಮ್ಮ ಸೂರ್ಯನಂಥದೇ ಒಂದು ನಕ್ಷತ್ರವನ್ನು. ಅದರ ಎರಡು ಗ್ರಹಗಳು ಅಡ್ಡ ಹಾದಾಗ ಬೆಳಕು ಚೂರು ಕುಂದುವುದನ್ನು ತಾರಸಿಯ ದೂರದರ್ಶಕದಿಂದ ಆಗಲೇ ಅಳೆದಿದ್ದರು. ಮೂರನೆಯದೂ ಇದೆ, ಅದು ಅಡ್ಡ ಬರುವುದು ಮೂರು ವರ್ಷಕ್ಕೊಮ್ಮೆ ಎಂಬುದು ಅವರ ಲೆಕ್ಕ. ಹಿಂದಿನ ಸಲ ಮೋಡ. ಈ ಸಲದ ಸರದಿ ದೀಪಾವಳಿಯ ಮರುವಾರ.

ಅಷ್ಟರಲ್ಲಿ ಪಕ್ಕದ ಹೊಲದ ನಾಗಲಕ್ಷ್ಮಿ ರಾಗಿ ಬಿಟ್ಟು ಸೇವಂತಿಗೆ ಹಾಕಿದರು. ರಾತ್ರಿ ಉದ್ದವಾದರೆ ಈ ಗಿಡ ಮೊಗ್ಗು ಕಟ್ಟುತ್ತದೆ, ಬೆಳಕಿದ್ದರೆ ತಡೆಯುತ್ತದೆ. ಸಂಕ್ರಾಂತಿ ಕಳೆದು ಮದುವೆಗಳು ಶುರುವಾದಾಗಲೇ ಹೂ ಬರಲೆಂದು ಸಾಲುಸಾಲಿಗೂ ಬಲ್ಬು ಕಟ್ಟಿ ರಾತ್ರಿಯೆಲ್ಲ ಉರಿಸತೊಡಗಿದರು.

ಅನಂತ್ ಬದುವಿನ ಮೇಲೆ ನಿಂತು ಕೇಳಿದರು: "ನೋಡಮ್ಮ, ಒಂದೇ ರಾತ್ರಿ ಆರಿಸು. ಆ ಗ್ರಹ ಮೂರು ವರ್ಷಕ್ಕೆ ಒಂದೇ ಸಲ ಬರೋದು."

"ಬರ್ಲಿ ಬುಡಿ ಮೇಷ್ಟ್ರೆ. ಅಲ್ಲಿ ನಿಮ್ ನೆಂಟ್ರೇನಾರ ಅವ್ರಾ?"

"ತಿಳೀದಿದ್ರೆ ಸುಮ್ನಿರ್ಬೇಕು. ಅದೂ ಒಂದು ಸೂರ್ಯ."

"ಇರೋ ಸೂರ್ಯನ್ನ ಹಗಲೊತ್ತು ನೋಡ್ಕಳಿ. ಅವ್ನೇನ್ ಮೋಸ ಮಾಡವ್ನೆ ನಿಮ್ಗೆ?" ಎಂದ ನಾಗಲಕ್ಷ್ಮಿ, ಬಲ್ಬು ಕಟ್ಟುತ್ತಿದ್ದ ತಮ್ಮನ ಕಡೆ ತಿರುಗಿದರು. "ಕೇಳ್ದೇನ್ಲಾ ನರೇಶ? ಇವತ್ತು ಒಂದ್ ರಾತ್ರಿ ಅಂತಾರೆ, ನಾಳೆ ಹೊಲಾನೇ ಬುಟ್ಬುಡು ಅಂತಾರೆ."

ನರೇಶ್ ನಕ್ಕ ನಗು ಅನಂತರಿಗೆ ಚುಚ್ಚಿತು. ಪಂಪಿಗೆಂದು ಕೊಟ್ಟಿದ್ದ ಉಚಿತ ವಿದ್ಯುತ್ತನ್ನೇ ಬಲ್ಬುಗಳಿಗೆ ಎಳೆದಿದ್ದನ್ನು ಅವರು ಗಮನಿಸಿದ್ದರು. ಮರುದಿನವೇ ವಿದ್ಯುತ್ ಕಚೇರಿಗೆ ದೂರು ಕೊಟ್ಟರು. ಅಲ್ಲಿಯವರು ಬಂದು ಸಂಪರ್ಕ ಕಿತ್ತುಹಾಕಿ ಹೋದರು, ಅದು ಮತ್ತೆ ಬರುವ ಹೊತ್ತಿಗೆ ಎರಡು ವಾರವಾಗಿತ್ತು. ಆ ಕತ್ತಲೆಯಲ್ಲಿ ಅನಂತರಿಗೆ ಮೂರನೆಯ ಗ್ರಹ ದಕ್ಕಿತು: ನಕ್ಷತ್ರದ ಬೆಳಕು ಇಳಿಯಿತು, ತಂಗಿತು, ಮೆಲ್ಲನೆ ಏರಿತು. ವಿದೇಶದ ವೀಕ್ಷಕರ ಬಳಗ ಅಭಿನಂದಿಸಿತು. ಆದರೆ ಇನ್ನೊಂದು ಸಲ ಅಳೆದು ತೋರಿಸುವ ತನಕ ಒಪ್ಪಲಾಗದು ಎಂದಿತು.

ಅದೇ ಕತ್ತಲೆಯಲ್ಲಿ ಸೇವಂತಿಗೆಯೂ ಮೊಗ್ಗು ಕಟ್ಟಿತ್ತು. ಮದುವೆಗಳೇ ಇಲ್ಲದ ಧನುರ್ಮಾಸದಲ್ಲಿ ಹೊಲವೆಲ್ಲ ಹಳದಿಯಾಯಿತು. ಕೇಳುವವರಿಲ್ಲದ ಹೂವನ್ನು ನಾಗಲಕ್ಷ್ಮಿ ಮಂಕರಿಗಟ್ಟಲೆ ತಂದು ಅನಂತ್ ಅವರ ಗೇಟಿನ ಮುಂದೆ ಸುರಿದರು. ಕೊಳೆತ ನಾತ ತಾರಸಿಯವರೆಗೂ ಏರಿತು. ಅನಂತ್ ಬಾಗಿಲು ತೆರೆಯಲಿಲ್ಲ.

ನಷ್ಟವಾದ ಹೊಲವನ್ನು ನಾಗಲಕ್ಷ್ಮಿ ಬಾಡಿಗೆಗೆ ಕೊಟ್ಟರು; ಬೇಸಿಗೆಗೆ ಅಲ್ಲಿ ಗೋದಾಮು ಎದ್ದಿತು. ಲಾರಿಗಳಿಗೆಂದು ನೆಟ್ಟ ನಾಲ್ಕು ಎತ್ತರದ ಕಂಬಗಳ ದೀಪಗಳಲ್ಲಿ ಒಂದರ ಮುಖ ನೇರ ತಾರಸಿಗೆ. ಇನ್ನೊಮ್ಮೆ ಆ ಗ್ರಹ ಕಾಣದಿದ್ದರೆ ಮೊದಲು ಕಂಡದ್ದೂ ಇಲ್ಲದಂತೆಯೇ. ಅನಂತ್ ಕಾವಲುಗಾರನನ್ನು ಕೇಳಿದರು. ಅವನು ತಮಿಳಿನಲ್ಲಿ, ಆರಿಸುವುದು ತನ್ನ ಕೈಯಲ್ಲಿಲ್ಲ ಎಂದ.

ನಾಗಲಕ್ಷ್ಮಿ ಬೇಲಿಯಾಚೆ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದರು. ಅನಂತ್ ಮೊದಲ ಬಾರಿಗೆ ದನಿ ತಗ್ಗಿಸಿದರು. "ಎಷ್ಟು ವರ್ಷಕ್ಕೆ ಕೊಟ್ಟಿದೀಯಮ್ಮ ಜಾಗಾನ?"

ನಾಗಲಕ್ಷ್ಮಿ ಕುಡುಗೋಲು ನಿಲ್ಲಿಸಲಿಲ್ಲ.

"ನಿಮ್ ಗ್ರಹ ಇನ್ನೂ ಮೂರ್ ಕಿತ ಬಂದ್ಹೋಗೋಗಂಟ, ಮೇಷ್ಟ್ರೆ."